ಜಿಂಕೆ ನೋಡಲು ಕೂತವರ ಮೈವಾಸನೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಫಿ ತೋಟ ಕೊಡಗಿನ ತಿತಿಮತಿ ಕಡೆ, ಕಾಡಿಗೆ ಅಂಟಿಕೊಂಡೇ ಇದೆ. ತೋಟದ ತಗ್ಗಿನಲ್ಲಿ ಒಂದು ಗದ್ದೆ. ಭತ್ತ ಹಾಕುವುದು ಬಿಟ್ಟು ವರ್ಷಗಳಾದವು, ಈಗ ಅದು ಹಡ್ಲು. ಹುಲ್ಲು ಹಸಿರಾಗಿರುವಷ್ಟು ದಿನ ಸಂಜೆ ಹೊತ್ತು ಜಿಂಕೆ ಇಳಿಯುತ್ತವೆ. ಅಪರೂಪಕ್ಕೆ ಕಡವೆ. ಅವನ್ನು ನೋಡಲು, ಫೋಟೊ ತೆಗೆಯಲು ನೆಂಟರು ಬರುತ್ತಾರೆ, ನೆಂಟರ ಗೆಳೆಯರೂ ಬರುತ್ತಾರೆ. ವಾಪಸ್ ಹೋಗುವಾಗ ಹೆಚ್ಚಿನವರು ಕೇಳುವುದು ಒಂದೇ ಮಾತು. "ನಾವು ಅಲ್ಲಾಡಲೇ ಇಲ್ಲ, ಕೆಮ್ಮಲೂ ಇಲ್ಲ. ಆದ್ರೂ ಯಾಕೆ ಓಡಿದವು?" ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇದನ್ನೆಲ್ಲ ಓದಿಕೊಂಡು ಬೇಟೆಗೆ ಹೋಗಬಹುದಾ?

ಇಲ್ಲ. ಮೊದಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಹೊಡೆಯುವ ಹಾಗಿಲ್ಲ. ಕಾಡಿನೊಳಗೆ ಮಾತ್ರ ಅಲ್ಲ, ನಿಮ್ಮ ಸ್ವಂತ ತೋಟದಲ್ಲೂ ಇಲ್ಲ. ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯದ ಒಳಗೆ ಬೇಟೆಯಾಡಿ ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು, ಮೇಲೆ ದಂಡ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯ ಪ್ರಕಾರ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ. ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಆಸೆ ತೋರಿಸಿ ಕರೆಯುವುದು, ಇವೂ ಬೇಟೆಯೇ. ಆದ್ದರಿಂದ "ಫೋಟೊಗೆ ತಾನೇ" ಅಂತ ಹಡ್ಲಿನಲ್ಲಿ ಉಪ್ಪಿನ ಗಡ್ಡೆ ಇಡುವುದು, ಹಲಸಿನ ಹಣ್ಣು ಸುರಿಯುವುದು ಬೇಡ. ಹಲಸಿಗೆ ಜಿಂಕೆಗಿಂತ ಮೊದಲು ಆನೆ ಬರುತ್ತದೆ, ಅದು ಬೇರೆ ಮಾತು.

ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಅನುಮತಿ ಇದೆಯಲ್ಲ?

ಕೋವಿಗೆ ಇದೆ, ಬೇಟೆಗೆ ಇಲ್ಲ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಹಿಂದೆ ಗದ್ದೆ ನಾಟಿ ಮುಗಿಸಿ, ಈ ಹಬ್ಬ ಕಳೆದು ಬೇಟೆಗೆ ಹೊರಡುತ್ತಿದ್ದರು. ಈಗ ತೆಂಗಿನಕಾಯಿಗೇ ಮುಗಿಯುತ್ತದೆ.

ಆದರೆ ಹಳಬರ ಕಾಡಿನ ತಿಳಿವಳಿಕೆ ಕೋವಿಯ ಜೊತೆ ಹೋಗಿಬಿಡಬೇಕಿಲ್ಲ. ನಮ್ಮಜ್ಜ ಮರಸು ಕೂರುತ್ತಿದ್ದ (ಬೇಟೆಗೆ ಅಡಗಿ ಕಾಯುತ್ತಿದ್ದ) ಕಾಲದ ಕಥೆಗಳಲ್ಲಿ ಗುಂಡಿನ ಮಾತು ಕಡಿಮೆ, ಗಾಳಿಯ ಮಾತೇ ಜಾಸ್ತಿ. ನಾನು ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಅವರದ್ದು.

ಕೊಡಗಿನಲ್ಲಿ ಯಾವ ಯಾವ ಜಿಂಕೆ ಕಾಣಬಹುದು?

ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ. ಚುಕ್ಕೆ ಜಿಂಕೆ ನಾಗರಹೊಳೆ ಸೆರಗಿನ ಬಯಲುಗಳಲ್ಲಿ ಹಿಂಡು ಹಿಂಡಾಗಿ ಸಿಗುತ್ತದೆ. ಕಡವೆ ದಟ್ಟ ಕಾಡು, ನೀರು ಇರುವ ಕಡೆ, ಕತ್ತಲಾದ ಮೇಲೆ ಓಡಾಡುವುದು ಜಾಸ್ತಿ. ಕಾಡುಕುರಿ ತೋಟದೊಳಗೇ ಇರುತ್ತದೆ, ಒಂಟಿಯಾಗಿ. ಇನ್ನು ಮೊಲದಷ್ಟೇ ಇರುವ ಬರ್ಕ ಇದೆ. ನೋಡಲು ಜಿಂಕೆ ಮರಿಯ ಹಾಗಿದ್ದರೂ ಅದು ಜಿಂಕೆಯ ಕುಟುಂಬವೇ ಅಲ್ಲ, ಕೊಂಬೂ ಬರುವುದಿಲ್ಲ. ಅದನ್ನು ಕೂತು ಕಾದು ನೋಡಿದವರು ನನಗಂತೂ ಸಿಕ್ಕಿಲ್ಲ. ರಾತ್ರಿ ದಾರಿಗೆ ಅಡ್ಡ ಬಂದರೆ ಉಂಟು.

ಜಿಂಕೆಯ ಮೂಗು ನಿಜಕ್ಕೂ ಅಷ್ಟು ಚುರುಕಾ?

ಹೌದು. ಕಣ್ಣು, ಕಿವಿ, ಮೂಗು ಮೂರರಲ್ಲಿ ಅದು ಕೊನೆಗೆ ನಂಬುವುದು ಮೂಗನ್ನೇ. ನೀವು ಕಂಡರೆ ತಲೆ ಎತ್ತಿ ದಿಟ್ಟಿಸುತ್ತದೆ, ಕಾಲು ಬಡಿಯುತ್ತದೆ, ಅನುಮಾನ ಪಡುತ್ತದೆ. ಅಲ್ಲಾಡದೆ ನಿಂತರೆ ಮತ್ತೆ ಮೇಯಲೂಬಹುದು. ಎಲೆ ಸರಕ್ ಅಂದರೂ ಅಷ್ಟೇ, ಒಂದಷ್ಟು ಹೊತ್ತು ಕಾಯುತ್ತದೆ. ವಾಸನೆ ಸಿಕ್ಕಿತೋ, ಆ ಅನುಮಾನದ ಆಟ ಇಲ್ಲ.

ಮೂಗಿನ ತುದಿ ಯಾವಾಗಲೂ ಒದ್ದೆ. ಗಾಳಿಯಲ್ಲಿ ಬರುವ ವಾಸನೆಯ ಕಣಗಳು ಆ ಒದ್ದೆಗೆ ಅಂಟಿಕೊಳ್ಳುತ್ತವೆ. ಒಳಗೆ ಉದ್ದ ಮೂತಿಯ ತುಂಬ ಸುರುಳಿ ಸುರುಳಿ ಮೂಳೆ, ಅದರ ಮೇಲೆ ವಾಸನೆ ಹಿಡಿಯುವ ಪೊರೆ. ಬಾಯಿಯ ಮೇಲ್ಭಾಗದಲ್ಲಿ ಇನ್ನೊಂದು ಅಂಗವೂ ಇದೆ. ಹೋರಿ ಹಸುವಿನ ಗಂಜಲ ಮೂಸಿ ಮೇಲ್ದುಟಿ ಎತ್ತುತ್ತದಲ್ಲ, ಗಂಡು ಜಿಂಕೆಯೂ ಹಾಗೆಯೇ ಮಾಡುತ್ತದೆ. ಆಗ ಆ ಅಂಗ ಕೆಲಸ ಮಾಡುತ್ತಿರುತ್ತದೆ.

ಅವುಗಳ ಮಾತುಕತೆಯೂ ವಾಸನೆಯಲ್ಲೇ. ಕಣ್ಣಿನ ಕೆಳಗೆ ಗ್ರಂಥಿ, ಗೊರಸಿನ ನಡುವೆ ಗ್ರಂಥಿ. ಗಂಡು ಚುಕ್ಕೆ ಜಿಂಕೆ ಹಿಂಗಾಲ ಮೇಲೆ ಎದ್ದು ನಿಂತು ಕೊಂಬೆಗೆ ಮುಖ ಉಜ್ಜುವುದನ್ನು ನೋಡಿರಬಹುದು. ಅದು ಎಲೆ ತಿನ್ನಲು ಅಲ್ಲ, ತನ್ನ ಗುರುತು ಬಿಡಲು.

ಮನುಷ್ಯನ ವಾಸನೆ ಅಂದರೆ ಬೆವರಿನದ್ದಾ?

ಬೆವರು ಸುರಿದ ಕೂಡಲೇ ಅದಕ್ಕೆ ಅಷ್ಟೇನೂ ವಾಸನೆ ಇಲ್ಲ. ಮೈ ತಂಪು ಮಾಡುವ ಬೆವರು ಬರೀ ಉಪ್ಪು ನೀರು. ಕಂಕುಳಲ್ಲಿ ಬರುವ ಬೆವರೇ ಬೇರೆ, ಅದರಲ್ಲಿ ಕೊಬ್ಬು, ಪ್ರೋಟೀನು ಇರುತ್ತವೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆದಾಗ ವಾಸನೆ ಹುಟ್ಟುತ್ತದೆ. ಇದರ ಜೊತೆಗೆ ಉಸಿರು, ತಲೆಕೂದಲ ಎಣ್ಣೆ, ಬಟ್ಟೆಯ ಸಾಬೂನು, ಬೂಟು, ಜೇಬಿನಲ್ಲಿರುವ ಏಲಕ್ಕಿ. ಅಷ್ಟೇ ಅಲ್ಲ, ಚರ್ಮದ ಒಣ ಕಣಗಳು ಕಣ್ಣಿಗೆ ಕಾಣದಂತೆ ಸದಾ ಉದುರುತ್ತಿರುತ್ತವೆ. ಪೊಲೀಸ್ ನಾಯಿ ನಮ್ಮ ಜಾಡು ಹಿಡಿಯಲು ಅವೂ ಒಂದು ಕಾರಣ.

ಹಾಗಾದರೆ ಚೆನ್ನಾಗಿ ಸ್ನಾನ ಮಾಡಿ ಹೋದರೆ ಸಾಕಲ್ವಾ?

ಒಳ್ಳೆಯದೇ, ಆದರೆ ಸಾಲದು. ತೋಟದ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಮತ್ತೆ ಬೆವರು. ಉಸಿರು ನಿಲ್ಲಿಸಲು ಆಗುತ್ತದಾ?

ಸ್ನಾನದಿಂದ ಆಗುವುದು ಇಷ್ಟು: ವಾಸನೆಯ ತೀವ್ರತೆ ಕಡಿಮೆಯಾಗುತ್ತದೆ, ದೂರದಲ್ಲಿರುವ ಪ್ರಾಣಿಗೆ ನೀವು ಇನ್ನೂ ದೂರ ಇದ್ದ ಹಾಗೆ ಅನ್ನಿಸಬಹುದು. ಮಾಡುವುದಾದರೆ ಪರಿಮಳದ ಸಾಬೂನು ಬೇಡ. ಕಡಲೆಹಿಟ್ಟು, ಸೀಗೆಪುಡಿ ಸಾಕು. ಬಟ್ಟೆಗೆ ಅಂಟುವಾಳಕಾಯಿ ನೆನೆಸಿದ ನೀರು ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಯ ನೀರಿಗೆ ಸ್ವಲ್ಪ ಅಡುಗೆ ಸೋಡಾ ಹಾಕಿ ಹಿಂಡಿದರೆ ಬೆವರಿನ ಹುಳಿ ವಾಸನೆ ಇಳಿಯುತ್ತದೆ. ಒಣಗಿಸುವುದು ಹೊರಗೆ ಬಿಸಿಲಿನಲ್ಲಿ. ಮಳೆಗಾಲದಲ್ಲಿ ನಾವೆಲ್ಲ ಒಲೆಯ ಮೇಲಿನ ತಂತಿಗೆ ಹಾಕುತ್ತೇವಲ್ಲ, ಆ ಬಟ್ಟೆ ಅಡುಗೆಮನೆಯನ್ನೇ ಹೊತ್ತುಕೊಂಡು ಬರುತ್ತದೆ.

ಅಂಗಡಿಯ ಸಾಬೂನು ಪುಡಿಯಲ್ಲಿ ಬಟ್ಟೆ ಬೆಳ್ಳಗೆ ಹೊಳೆಯಲಿ ಅಂತ ಒಂದು ವಸ್ತು ಹಾಕಿರುತ್ತಾರೆ. ಜಿಂಕೆಗೆ ಕೆಂಪು ಸರಿಯಾಗಿ ಕಾಣದಿದ್ದರೂ ನೀಲಿ ಚೆನ್ನಾಗಿ ಕಾಣುತ್ತದೆ. ಆ ಹೊಳಪು ಅದರ ಕಣ್ಣಿಗೆ ಹೊಡೆಯುತ್ತದೆ. ಅಂಟುವಾಳ ಬಳಸಲು ಅದೂ ಒಂದು ಕಾರಣ.

ತೊಳೆದರೂ ಹೋಗಲ್ಲ ಅಂದರೆ ಇನ್ನೇನು ಮಾಡೋದು?

ಗಾಳಿ ನೋಡುವುದು. ಮಿಕ್ಕಿದ್ದೆಲ್ಲ ಇದರ ಮುಂದೆ ಚಿಲ್ಲರೆ ಕೆಲಸ.

ಗಾಳಿ ಜಿಂಕೆಯ ಕಡೆಯಿಂದ ನಿಮ್ಮ ಮುಖಕ್ಕೆ ಬರಬೇಕು. ನಿಮ್ಮ ಬೆನ್ನಿಗೆ ಗಾಳಿ ತಾಕುತ್ತಿದ್ದರೆ ನೀವು ಕಳಿಸಿದ ವಾಸನೆ ನಿಮಗಿಂತ ಮೊದಲೇ ಹಡ್ಲು ಮುಟ್ಟಿರುತ್ತದೆ. ಅಡ್ಡಗಾಳಿಯಾದರೂ ನಡೆಯುತ್ತದೆ, ಜಿಂಕೆ ಬರುವ ದಾರಿ ಆ ಗಾಳಿ ಹೋಗುವ ಕಡೆ ಇರಬಾರದು ಅಷ್ಟೇ.

ಹೊಸಬರು ತಪ್ಪು ಮಾಡುವುದು ಇಲ್ಲೇ. ಹಡ್ಲು ಚೆನ್ನಾಗಿ ಕಾಣುವ ಜಾಗ ಹುಡುಕಿ ಮೊದಲು ಕೂರುತ್ತಾರೆ, ಆಮೇಲೆ ಗಾಳಿಯ ಬಗ್ಗೆ ಯೋಚಿಸುತ್ತಾರೆ. ಉಲ್ಟಾ ಮಾಡಬೇಕು. ಒಂದೇ ಜಾಗಕ್ಕೆ ಗಂಟು ಬೀಳದೆ ಹಡ್ಲಿನ ಸುತ್ತ ಮೂರು ಜಾಗ ನೋಡಿಟ್ಟುಕೊಳ್ಳಿ. ಹೋದ ದಿನದ ಗಾಳಿಗೆ ಯಾವುದು ಹೊಂದುತ್ತದೋ ಅಲ್ಲಿ ಕೂರಿ. ಮೂರೂ ಹೊಂದದಿದ್ದರೆ ಮನೆಗೆ ಬಂದು ಕಾಫಿ ಕುಡಿಯಿರಿ. ತಮಾಷೆಗೆ ಹೇಳುತ್ತಿಲ್ಲ. ತಪ್ಪು ಗಾಳಿಯಲ್ಲಿ ಹಟ ಹಿಡಿದು ಕೂತರೆ ಆ ಸಂಜೆ ಮಾತ್ರ ಹಾಳಾಗಲ್ಲ. ಹಿಂಡು ಆ ಮೂಲೆಯನ್ನೇ ಬಿಟ್ಟುಬಿಡುತ್ತದೆ.

ಬೆಳಿಗ್ಗೆ ಸರಿಯಿದ್ದ ಜಾಗ ಸಂಜೆ ಯಾಕೆ ಕೆಲಸ ಮಾಡಲ್ಲ?

ಕೊಡಗಿನಲ್ಲಿ ಸಪಾಟು ನೆಲ ಎಲ್ಲಿದೆ ಹೇಳಿ. ಎಲ್ಲಾ ಕಡೆ ಏರು, ಇಳಿಜಾರು. ಇಂಥ ನೆಲದಲ್ಲಿ ದೊಡ್ಡ ಗಾಳಿ ಇಲ್ಲದಿದ್ದರೂ ಗಾಳಿ ಸುಮ್ನೆ ಇರುವುದಿಲ್ಲ.

ಬಿಸಿಲು ಬಿದ್ದು ಗುಡ್ಡದ ಮೈ ಕಾದರೆ ಅದನ್ನು ತಾಕಿದ ಗಾಳಿ ಹಗುರಾಗಿ ಮೇಲೇರುತ್ತದೆ. ಬಿಸಿಲು ಹೋದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ. ಆಗ ತಂಪು ಗಾಳಿ ಭಾರವಾಗಿ, ನೀರು ಹರಿದ ಹಾಗೆ, ಇಳಿಜಾರಿನಲ್ಲಿ ಕೆಳಗೆ ಜಾರುತ್ತದೆ. ತೋಡು (ಸಣ್ಣ ಹಳ್ಳ), ಕಣಿವೆ ಹಿಡಿದು ಗದ್ದೆಗೆ ಇಳಿಯುತ್ತದೆ. ಚಳಿಗಾಲದ ಬೆಳಗ್ಗೆ ಮಂಜು ಗದ್ದೆಯಲ್ಲೇ ಮಲಗಿರುತ್ತದಲ್ಲ, ಅದಕ್ಕೂ ಇದೇ ಕಾರಣ.

ಈಗ ಲೆಕ್ಕ ಹಾಕಿ. ಬಿಸಿಲೇರಿದ ಮೇಲೆ ನೀವು ಮೇಲೆ ಕೂತಿದ್ದರೆ ನಿಮ್ಮ ವಾಸನೆ ಇನ್ನೂ ಮೇಲೆ ಹೋಗುತ್ತದೆ, ಹಡ್ಲಿನಲ್ಲಿ ಮೇಯುವ ಜಿಂಕೆಗೆ ಗೊತ್ತಾಗುವುದಿಲ್ಲ. ಅದೇ ಜಾಗದಲ್ಲಿ ಸಂಜೆ ಕೂತರೆ ವಾಸನೆ ನೇರ ಹಡ್ಲಿಗೆ. ಸಂಜೆ ಹೊತ್ತು ಹಡ್ಲಿನ ಕೆಳತುದಿ ಒಳ್ಳೆಯದು, ತೋಡು ಹರಿದು ಹೊರಗೆ ಹೋಗುವ ಕಡೆ. ತಂಪು ಗಾಳಿ ಹಡ್ಲು ದಾಟಿಕೊಂಡು ನಿಮ್ಮತ್ತ ಬರುತ್ತದೆ.

ಸೂರ್ಯ ಹುಟ್ಟುವ ಮೊದಲು ಇನ್ನೂ ರಾತ್ರಿಯ ಗಾಳಿಯೇ ಇಳಿಯುತ್ತಿರುತ್ತದೆ, ಅದನ್ನು ಮರೆಯಬೇಡಿ. ಅದು ತಿರುಗುವ ಹೊತ್ತು ಬಹಳ ಕಷ್ಟ. ಗುಡ್ಡ ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಸಮಯ ಬೇರೆಯಾಗುತ್ತದೆ. ಮೂಡಣ ಇಳಿಜಾರು ಬೇಗ ಕಾಯುತ್ತದೆ, ಪಡುವಣ ಇಳಿಜಾರು ತಡವಾಗಿ. ನಡುವೆ ಅರ್ಧ ಗಂಟೆ ಗಾಳಿ ಅಲ್ಲೇ ಸುತ್ತುತ್ತದೆ, ಯಾವ ದಿಕ್ಕೂ ನಂಬುವ ಹಾಗಿಲ್ಲ. ಅಜ್ಜ ಇದನ್ನು "ಗಾಳಿ ಮಗ್ಗುಲು ಬದಲಿಸೋ ಹೊತ್ತು" ಅನ್ನುತ್ತಿದ್ದರು. ಆ ಅರ್ಧ ಗಂಟೆ ಅವರು ಜಾಗಕ್ಕೂ ಹೋಗುತ್ತಿರಲಿಲ್ಲ, ಜಾಗ ಬಿಟ್ಟೂ ಬರುತ್ತಿರಲಿಲ್ಲ.

ಗಾಳಿ ಯಾವ ಕಡೆ ಇದೆ ಅಂತ ತಿಳಿಯುವುದು ಹೇಗೆ? ಫೋನ್ ಆ್ಯಪ್ ಸಾಕಾ?

ಫೋನ್ ಹೇಳುವುದು ಇಡೀ ಊರಿನ ಗಾಳಿ. ನಿಮ್ಮ ತಗ್ಗಿನ ಗಾಳಿ ಅದಕ್ಕೆ ಗೊತ್ತಿಲ್ಲ. ಜೊತೆಗೆ ಕಾಡಂಚಿನಲ್ಲಿ ನೆಟ್‌ವರ್ಕ್ ಸಿಕ್ಕರೆ ತಾನೇ.

ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳನೆ ಬಟ್ಟೆಯಲ್ಲಿ ಕಟ್ಟಿಕೊಳ್ಳಿ. ಬೆರಳಲ್ಲಿ ತಟ್ಟಿದರೆ ಪುಡಿ ಹಾರುತ್ತದೆ. ಟಾಲ್ಕಂ ಪೌಡರ್ ಕೂಡ ಹಾರುತ್ತದೆ, ಆದರೆ ಅದರ ಪರಿಮಳವೂ ಹಾರುತ್ತದೆ. ಊದುಬತ್ತಿ ಹಚ್ಚಿದವರನ್ನೂ ನೋಡಿದ್ದೇನೆ, ದೇವರಕಾಡಿನಲ್ಲಿ ಪೂಜೆಗೆ ಕೂತ ಹಾಗೆ.

ಬೂದಿ ಮೊದಲ ಎರಡು ಮಾರಿನವರೆಗೆ ಮಾತ್ರ ಕಾಣುತ್ತದೆ. ಅದರಾಚೆ ಗಾಳಿ ಎಲ್ಲಿ ತಿರುಗುತ್ತದೆ ಅಂತ ನೋಡಲು ಬೂರುಗದ ಹತ್ತಿ ಒಳ್ಳೆಯದು. ಬೇಸಿಗೆಯಲ್ಲಿ ಕಾಯಿ ಒಡೆದು ಹತ್ತಿ ಹಾರುವಾಗ ಒಂದು ಮುಷ್ಟಿ ಎತ್ತಿಟ್ಟುಕೊಳ್ಳಿ. ಒಂದು ಎಳೆ ಬಿಟ್ಟು ಕಣ್ಣಲ್ಲೇ ಹಿಂಬಾಲಿಸಿ. ನೇರ ಹೋಗುತ್ತಿದ್ದದ್ದು ಬಿದಿರು ಮೆಳೆಯ ಹತ್ತಿರ ಇದ್ದಕ್ಕಿದ್ದಂತೆ ಸುತ್ತಿ ಹಿಂದಕ್ಕೆ ಬರುವುದನ್ನು ನೋಡಿದಾಗ ನನಗೆ ಎಷ್ಟೋ ವರ್ಷದ ಸೋಲಿಗೆ ಉತ್ತರ ಸಿಕ್ಕಿತ್ತು. ಮರದ ಗೋಡೆ, ಹಳೆಯ ಕಡಂಗದ (ಕಂದಕದ) ದಿಬ್ಬ, ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಗೋಡೆ ಇವೆಲ್ಲದರ ಹಿಂದೆ ಗಾಳಿ ಸುಳಿಯಾಗುತ್ತದೆ, ಹೊಳೆಯಲ್ಲಿ ಬಂಡೆಯ ಹಿಂದೆ ನೀರು ಸುತ್ತುವ ಹಾಗೆ.

ಮಳೆಗಾಲದಲ್ಲಿ ವಾಸನೆ ತೊಳೆದು ಹೋಗುತ್ತದಲ್ವಾ?

ಜೋರು ಮಳೆ ಬೀಳುವಾಗ ಹೌದು, ಗಾಳಿಯಲ್ಲಿದ್ದದ್ದು ನೆಲಕ್ಕೆ ಇಳಿಯುತ್ತದೆ. ಆದರೆ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಕ್ಯಾಮೆರಾ ಹಿಡಿದು ಕೂರುವವರು ಯಾರು? ಮಳೆ ನಿಂತ ಮೇಲಿನ ಹೊತ್ತೇ ಎಚ್ಚರ ಬೇಕಾದ್ದು. ತೇವ ಇರುವ ಗಾಳಿಯಲ್ಲಿ ವಾಸನೆ ಚೆನ್ನಾಗಿ ನಿಲ್ಲುತ್ತದೆ, ಪ್ರಾಣಿಯ ಒದ್ದೆ ಮೂಗಿಗೂ ಸುಲಭವಾಗಿ ಸಿಗುತ್ತದೆ. ಬೇಸಿಗೆಯ ಮಧ್ಯಾಹ್ನದ ಒಣ ಬಿಸಿಯಲ್ಲಿ ಬೇಗ ಚದುರಿಹೋಗುತ್ತದೆ.

ಮಂಜು ಬಿದ್ದ ಬೆಳಗ್ಗೆ ಗಾಳಿ ಸತ್ತಂತಿರುತ್ತದೆ. ವಾಸನೆ ದೂರ ಹೋಗಲ್ಲ, ಆದರೆ ನಿಮ್ಮ ಸುತ್ತಲೇ ಕೊಳದ ಹಾಗೆ ನಿಂತುಕೊಳ್ಳುತ್ತದೆ. ಜಿಂಕೆ ಅದರೊಳಗೆ ಕಾಲಿಟ್ಟರೆ ಮುಗಿಯಿತು.

ಋತುವಿನ ದೊಡ್ಡ ಗಾಳಿಯ ಲೆಕ್ಕ ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ, ನೈಋತ್ಯದಿಂದ ಬೀಸುತ್ತದೆ. ಪುತ್ತರಿ (ನಮ್ಮ ಸುಗ್ಗಿ ಹಬ್ಬ) ಕಳೆದ ಮೇಲೆ ಚಳಿಗಾಲದಲ್ಲಿ ಮೂಡಣ ಗಾಳಿ. ಅದಕ್ಕೇ ಮಳೆಗಾಲದ ಮೂಲೆ, ಚಳಿಗಾಲದ ಮೂಲೆ ಅಂತ ನಮ್ಮ ಹಡ್ಲಿನಲ್ಲಿ ಎರಡು ಬೇರೆ ಬೇರೆ ಜಾಗ.

ಕಾಫಿ ಹೂ ಬಿಟ್ಟಾಗ ಇಡೀ ತೋಟ ಘಮ್ ಅನ್ನುತ್ತದೆ. ಆಗ ನಮ್ಮ ವಾಸನೆ ಮುಚ್ಚಿಹೋಗಲ್ವಾ?

ನನಗೂ ಹಾಗೇ ಅನ್ನಿಸಿತ್ತು. ಹೂಮಳೆ ಬಿದ್ದು ವಾರ, ಹತ್ತು ದಿನದಲ್ಲಿ ಗಿಡ ಬೆಳ್ಳಗಾಗುತ್ತದೆ, ಮಲ್ಲಿಗೆ ತೋಟಕ್ಕೆ ಹೊಕ್ಕ ಹಾಗೆ. ಆ ಘಮಕ್ಕೆ ನಮ್ಮ ತಲೆಯೇ ತಿರುಗುತ್ತದೆ. ಧೈರ್ಯದಿಂದ ಹೋಗಿ ಬೆನ್ನುಗಾಳಿಯಲ್ಲಿ ಕೂತೆ. ಕಾಡುಕುರಿ ಬೊಗಳಿದ್ದು ಕೇಳಿಸಿತು, ಕಾಣಿಸಲಿಲ್ಲ.

ನಮ್ಮ ಮೂಗು ಒಂದು ಜೋರು ವಾಸನೆ ಬಂದರೆ ಬೇರೆಯದನ್ನು ಬಿಟ್ಟುಬಿಡುತ್ತದೆ. ಅವುಗಳ ಮೂಗು ಹಾಗಲ್ಲ. ನಾವು ಸಾರಿನ ವಾಸನೆ ಅಂತ ಒಟ್ಟಿಗೆ ಹೇಳುತ್ತೇವೆ. ನಾಯಿ, ಜಿಂಕೆಗೆ ಅದೇ ಸಾರಿನಲ್ಲಿ ಕೊತ್ತಂಬರಿ ಬೇರೆ, ಇಂಗು ಬೇರೆ, ಸೌಟು ಹಿಡಿದವರ ಕೈ ಬೇರೆ.

ಆನೆ ಲದ್ದಿ ಹಚ್ಚಿಕೊಂಡರೆ? ಹೊಗೆ ಹಿಡಿದರೆ?

ಮೇಲಿನ ಉತ್ತರವೇ ಇದಕ್ಕೂ. ಲದ್ದಿ ಹಚ್ಚಿಕೊಂಡ ಮನುಷ್ಯ ಜಿಂಕೆಗೆ ಲದ್ದಿ ಹಚ್ಚಿಕೊಂಡ ಮನುಷ್ಯನೇ. ಹೊಗೆಯ ವಿಷಯ ಸ್ವಲ್ಪ ಬೇರೆ. ಲೈನ್ ಮನೆ, ಒಲೆ, ಸೌದೆ ಹೊಗೆ ಇವು ಕಾಡಂಚಿನ ಜಿಂಕೆಗೆ ದಿನನಿತ್ಯದ್ದು, ಅದಕ್ಕೇ ಹೆದರಿ ಓಡುವುದಿಲ್ಲ. ಹಾಗಂತ ಹೊಗೆ ನಿಮ್ಮನ್ನು ಅಡಗಿಸುವುದೂ ಇಲ್ಲ.

ಜಿಗಣೆ, ಸೊಳ್ಳೆಗೆ ಏನಾದರೂ ಹಚ್ಚಲೇಬೇಕಲ್ಲ?

ಇದು ನಮ್ಮೂರಿನ ನಿಜವಾದ ಕಷ್ಟ. ಹೊಗೆಸೊಪ್ಪು, ಸುಣ್ಣ, ಡೆಟಾಲ್, ಸೊಳ್ಳೆ ಕ್ರೀಮು ಎಲ್ಲಕ್ಕೂ ಘಾಟು. ಹಚ್ಚದಿದ್ದರೆ ಕೂರಲು ಬಿಡಲ್ಲ. ಒದ್ದಾಡಿ ಅಲ್ಲಾಡಿದರೆ ಜಿಂಕೆಗೆ ಕಾಣುತ್ತದೆ. ನಾನು ಮಾಡುವುದು ಇಷ್ಟು: ಒತ್ತಾದ ನೇಯ್ಗೆಯ ಉದ್ದ ಜಿಗಣೆ ಕಾಲುಚೀಲ ಮೊಣಕಾಲಿನವರೆಗೆ, ಅದರ ಮೇಲೆ ಗಂಬೂಟು. ಹೊಗೆಸೊಪ್ಪಿನ ನೀರು ಗಂಬೂಟಿನ ಹೊರಗೆ ಮಾತ್ರ, ಅದೂ ಹಿಂದಿನ ದಿನವೇ. ಕೈಗೆ, ಕುತ್ತಿಗೆಗೆ ಬಟ್ಟೆ. ಒಂದೆರಡು ಜಿಗಣೆ ಕಚ್ಚಿದರೆ ಕಚ್ಚಲಿ ಬಿಡಿ. ಒಮ್ಮೆ ಒಬ್ಬ ನೆಂಟರು ಚೀಲದಲ್ಲಿ ಸೊಳ್ಳೆಬತ್ತಿ ತಂದು ಮರದ ಬುಡದಲ್ಲಿ ಹಚ್ಚಿದ್ದರು. ಆ ಸಂಜೆ ಹಡ್ಲಿಗೆ ನವಿಲೂ ಬರಲಿಲ್ಲ.

ಹಿಂದಿನ ರಾತ್ರಿ ಪಂದಿಕರಿ ತಿಂದರೆ ತೊಂದರೆಯಾ?

ಪಂದಿಕರಿ ಬಿಟ್ಟು ಬದುಕಿ ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಬೆಳ್ಳುಳ್ಳಿ ನಿಜಕ್ಕೂ ಉಸಿರು, ಬೆವರು ಎರಡರಲ್ಲೂ ಬರುತ್ತದೆ, ಹಲ್ಲುಜ್ಜಿದರೂ ಹೋಗಲ್ಲ, ಮಾರನೆಯ ದಿನವೂ ಇರಬಹುದು. ಗಾಳಿ ಸರಿಯಿದ್ದರೆ ಏನೂ ಆಗಲ್ಲ. ಬೀಡಿ, ಸಿಗರೇಟು, ಗುಟ್ಕಾ ಮಾತ್ರ ಕೂತ ಜಾಗದಲ್ಲಿ ಬೇಡವೇ ಬೇಡ.

ಅಮೆರಿಕದಲ್ಲಿ ವಾಸನೆ ತಡೆಯುವ ಬಟ್ಟೆ, ಸ್ಪ್ರೇ ಸಿಗುತ್ತದಂತೆ. ತರಿಸೋಣವಾ?

ಅಲ್ಲಿ ಜಿಂಕೆ ಬೇಟೆಗೆ ಲೈಸೆನ್ಸ್ ಕೊಡುತ್ತಾರೆ, ಅದಕ್ಕೊಂದು ಕಾಲ ಗೊತ್ತುಮಾಡಿರುತ್ತಾರೆ. ಬಿಳಿಬಾಲದ ಜಿಂಕೆಯ ಮೂಗು ತಪ್ಪಿಸುವುದೇ ಅಲ್ಲಿ ಒಂದು ದೊಡ್ಡ ವ್ಯಾಪಾರ.

ಇದ್ದಿಲಿನ ಪದರ ಇರುವ ಬಟ್ಟೆ ಒಂದು. ಇದ್ದಿಲಿನ ಸಣ್ಣ ರಂಧ್ರಗಳು ವಾಸನೆ ಹಿಡಿದಿಟ್ಟುಕೊಳ್ಳುವುದು ನಿಜ, ನೀರಿನ ಫಿಲ್ಟರ್‌ನಲ್ಲೂ ಅದೇ ಇರುವುದು. ಆದರೆ ರಂಧ್ರ ತುಂಬಿದ ಮೇಲೆ ಅದನ್ನು ಪೂರ್ತಿ ಖಾಲಿ ಮಾಡಲು ಕುಲುಮೆಯಂಥ ಶಾಖ ಬೇಕು. ಬಟ್ಟೆ ಒಣಗಿಸುವ ಯಂತ್ರದ ಬಿಸಿಗೆ ಅದು ಆಗದ ಕೆಲಸ. ಜೊತೆಗೆ ಮುಖ, ಉಸಿರು ಹೊರಗೇ ಇರುತ್ತದಲ್ಲ. ಅಂಥ ಬಟ್ಟೆ ತೊಟ್ಟವರನ್ನು ಹುಡುಕಲು ನಾಯಿ ಬಿಟ್ಟು ಅಲ್ಲೇ ಪರೀಕ್ಷೆ ಮಾಡಿದಾಗ ನಾಯಿಗಳು ಹುಡುಕಿಬಿಟ್ಟವು.

ಓಜೋನ್ ಯಂತ್ರ ಇನ್ನೊಂದು. ಓಜೋನ್ ವಾಸನೆಯ ಕಣ ಒಡೆಯುತ್ತದೆ, ಹಾಗೆಯೇ ರಬ್ಬರನ್ನೂ ಹಾಳು ಮಾಡುತ್ತದೆ, ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಆಸ್ತಮಾ ಇರುವವರು ಹತ್ತಿರವೂ ಹೋಗಬಾರದು. ಸ್ಪ್ರೇ ಒಂದು ನಾನೇ ತರಿಸಿದ್ದೆ. ವಾಸನೆಯೇ ಇಲ್ಲ ಅಂತ ಬರೆದಿದ್ದರು. ಬಾಟಲಿ ತೆಗೆದ ಕೂಡಲೇ ಮನೆಯವಳು ಒಳಗಿಂದಲೇ "ಏನ್ರೀ ಅದು ಪ್ಲಾಸ್ಟಿಕ್ ವಾಸನೆ?" ಅಂದಳು.

ಜಿಂಕೆಯ ಮೂತ್ರವನ್ನೂ ಮಾರುತ್ತಾರಂತೆ, ನಿಜವಾ?

ನಿಜ, ಅಲ್ಲಿ ಬಾಟಲಿಯಲ್ಲಿ ಮಾರುತ್ತಾರೆ. ಜಿಂಕೆ ಸೊರಗಿ ಸೊರಗಿ ಸಾಯುವ ಒಂದು ರೋಗ 1967ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೊದಲು ಕಂಡುಬಂತು. ಅದು ಮೂತ್ರ, ಜೊಲ್ಲಿನಿಂದಲೂ ಹರಡುತ್ತದೆ ಅಂತ ಗೊತ್ತಾದ ಮೇಲೆ ಅಲ್ಲಿನ ಹಲವು ರಾಜ್ಯಗಳು ನಿಜವಾದ ಮೂತ್ರ ಬಳಸುವುದನ್ನೇ ನಿಲ್ಲಿಸಿದವು. ನಮ್ಮ ಕಾಡಿಗೆ ಅಂಥದ್ದನ್ನು ತರುವ ಯೋಚನೆಯೂ ಬೇಡ.

ಅಟ್ಟಣೆ ಕಟ್ಟಿ ಮೇಲೆ ಕೂತರೆ ವಾಸನೆ ತಲೆಯ ಮೇಲಿಂದ ಹೋಗಲ್ವಾ?

ಸ್ವಲ್ಪ ದೂರದವರೆಗೆ ಹೋಗುತ್ತದೆ. ಆಚೆ ಎಲ್ಲೋ ನೆಲಕ್ಕೆ ಇಳಿಯುತ್ತದೆ. ಸಂಜೆಯ ತಂಪು ಗಾಳಿಯಲ್ಲಂತೂ ಬೇಗ ಇಳಿಯುತ್ತದೆ. ಎತ್ತರದಲ್ಲಿ ಕೂರುವುದರ ದೊಡ್ಡ ಲಾಭ ವಾಸನೆಯದ್ದಲ್ಲ, ಆನೆಯದ್ದು.

ನಡೆದು ಹೋದ ದಾರಿಯಲ್ಲೂ ವಾಸನೆ ಉಳಿಯುತ್ತದಾ?

ಉಳಿಯುತ್ತದೆ, ಗಂಟೆಗಟ್ಟಲೆ. ಮುಟ್ಟಿದ ಎಲೆ, ಸವರಿಕೊಂಡು ಹೋದ ಹುಲ್ಲು, ಒರಗಿದ ಮರ ಎಲ್ಲದರಲ್ಲೂ. ಜಿಂಕೆ ಇಳಿಯುವ ಓಣಿಯನ್ನು ದಾಟಿ ಹೋಗಿ ಕೂರಬೇಡಿ, ಸುತ್ತು ಹಾಕಿಕೊಂಡು ಹೋಗಿ. ಚಪ್ಪಲಿ, ಚರ್ಮದ ಬೂಟಿಗಿಂತ ತೊಳೆದ ಗಂಬೂಟು ಮೇಲು. ತೋಡು ಇದ್ದರೆ ನೀರಲ್ಲೇ ನಡೆಯಿರಿ. ನಿಧಾನ ನಡೆಯಿರಿ, ಬೆವರುವಷ್ಟು ಬೇಡ. ಜಾಕೆಟ್ಟು ಕೈಯಲ್ಲಿ ಹಿಡಿದುಕೊಂಡು ಹೋಗಿ ಕೂತ ಮೇಲೆ ಹಾಕಿಕೊಂಡರೆ ಅರ್ಧ ಕೆಲಸ ಆಯಿತು.

ತೋಟದ ಕೆಲಸದವರನ್ನು ಕಂಡರೆ ಓಡಲ್ಲ, ನಮ್ಮನ್ನು ಕಂಡರೆ ಯಾಕೆ ಓಡುತ್ತವೆ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ಕಾಡಂಚಿನ ಜಿಂಕೆಗೆ ಮನುಷ್ಯನ ವಾಸನೆ ಹೊಸದಲ್ಲ. ಹುಟ್ಟಿದಾಗಿನಿಂದ ಮೂಸುತ್ತಿದೆ. ಅದಕ್ಕೆ ಗೊತ್ತಿರುವುದು ಯಾವ ಹೊತ್ತಿಗೆ, ಎಲ್ಲಿ ಆ ವಾಸನೆ ಇರಬೇಕು ಅಂತ. ಬೆಳಿಗ್ಗೆ ಕೆಲಸದವರು ಬರುತ್ತಾರೆ, ಮಾತಾಡುತ್ತಾರೆ, ಕತ್ತಿ ಸದ್ದು ಮಾಡುತ್ತಾರೆ, ಸಂಜೆ ಹೋಗುತ್ತಾರೆ. ಅವರ ದಾರಿಯಲ್ಲಿ ಅವರ ವಾಸನೆ ಸಹಜ. ಸಂಜೆ ಆರು ಗಂಟೆಗೆ, ಸದ್ದಿಲ್ಲದೆ, ಬಿದಿರು ಮೆಳೆಯೊಳಗಿಂದ ಅದೇ ವಾಸನೆ ಬಂದರೆ ಮನುಷ್ಯ ಹುಲಿ ಕೂತ ಹಾಗೆ ಕೂತಿದ್ದಾನೆ ಅಂತಲೇ ಅರ್ಥ.

ಅದಕ್ಕೆ ನಾನು ಈಗ ಅರ್ಧಕ್ಕರ್ಧ ಅಡಗಿ ಕೂರುವುದನ್ನೇ ಬಿಟ್ಟಿದ್ದೇನೆ. ಕೆಲಸದವರು ಊಟಕ್ಕೆ ಕೂರುವ ಕಲ್ಲಿನ ಹತ್ತಿರವೇ, ಅವರು ಇರುವ ಹೊತ್ತಿನಲ್ಲೇ ಹೋಗಿ ಕೂರುತ್ತೇನೆ, ಅವರು ಹೋದ ಮೇಲೂ ಅಲ್ಲೇ ಉಳಿಯುತ್ತೇನೆ. ಯಾವ ಸ್ಪ್ರೇಗಿಂತಲೂ ಇದು ಜಾಸ್ತಿ ಕೊಟ್ಟಿದೆ.

ನಾಗರಹೊಳೆ ಸಫಾರಿಯಲ್ಲೂ ಇದೇ ಕಥೆ. ಕುಟ್ಟ ಕಡೆಯ ನಾಣಚ್ಚಿ ಗೇಟಿನಿಂದ ಹೊರಟ ಗಾಡಿಯಲ್ಲಿ ಡೀಸೆಲ್, ಸೆಂಟು, ಚಿಪ್ಸು ಎಲ್ಲ ವಾಸನೆಯೂ ಇರುತ್ತದೆ. ಜಿಂಕೆ ತಲೆ ಎತ್ತಿ ನೋಡಿ ಮತ್ತೆ ಮೇಯುತ್ತದೆ. ಗಾಡಿ ದಿನಾ ಬರುತ್ತದೆ, ದಿನಾ ಹೋಗುತ್ತದೆ. ಅಲ್ಲಿ ಯಾರಾದರೂ ಕೆಳಗೆ ಕಾಲಿಟ್ಟರೆ ಇಡೀ ಹಿಂಡು ಮಾಯ. ಇಳಿಯುವುದು ನಿಯಮಕ್ಕೂ ವಿರುದ್ಧ.

ವಾಸನೆ ಸಿಕ್ಕಿದೆ ಅಂತ ನಮಗೆ ಹೇಗೆ ತಿಳಿಯುತ್ತದೆ?

ಮೊದಲು ಮೂತಿ ಮೇಲೆತ್ತಿ ಗಾಳಿ ಮೂಸುತ್ತದೆ. ಆಮೇಲೆ ಮುಂಗಾಲು ನೆಲಕ್ಕೆ ಬಡಿಯುತ್ತದೆ, ಬಾಲ ನೆಟ್ಟಗಾಗುತ್ತದೆ. ಚುಕ್ಕೆ ಜಿಂಕೆಯದು ಸಣ್ಣ ಚೂಪಾದ ಕೂಗು. ಕಡವೆಯದು ಡಾಂಕ್ ಅಂತ ತಗಡು ಬಡಿದ ಹಾಗೆ, ಇಡೀ ಕಣಿವೆಗೆ ಕೇಳುತ್ತದೆ. ಕಾಡುಕುರಿ ನಾಯಿಯ ಹಾಗೆ ಬಿಟ್ಟು ಬಿಟ್ಟು ಬೊಗಳುತ್ತದೆ, ಕೆಲವೊಮ್ಮೆ ನಿಲ್ಲಿಸುವುದೇ ಇಲ್ಲ.

ಮರದಲ್ಲಿ ಮುಸುವ ಇದ್ದರೆ ಅವನ್ನೂ ಗಮನಿಸಿ. ಜಿಂಕೆ, ಮುಸುವ ಒಟ್ಟಿಗೆ ಇರುವುದು ಸುಮ್ನೆ ಅಲ್ಲ. ಮೇಲಿನವಕ್ಕೆ ಕಣ್ಣು, ಕೆಳಗಿನವಕ್ಕೆ ಮೂಗು. ಮುಸುವ ಬೀಳಿಸಿದ ಚಿಗುರು, ಕಾಯಿ ಜಿಂಕೆಗೆ ಊಟ. ಒಂದರ ಮೂಗು ತಪ್ಪಿಸಿದರೂ ಇನ್ನೊಂದರ ಕಣ್ಣು ತಪ್ಪಿಸಬೇಕು.

ಆ ಕೂಗು ಯಾವಾಗಲೂ ನಿಮ್ಮನ್ನು ಕಂಡೇ ಅಂತಲ್ಲ. ಗಾಳಿ ನಿಮ್ಮ ಮುಖಕ್ಕೇ ಬರುತ್ತಿದ್ದು, ಜಿಂಕೆ ಬೇರೆ ಕಡೆ ನೋಡಿ ಕೂಗುತ್ತಿದ್ದರೆ ಅಲ್ಲಿ ಚಿರತೆಯೋ ಹುಲಿಯೋ ಇರಬಹುದು. ಎದ್ದು ನೋಡಲು ಹೋಗಬೇಡಿ.

ತೋಟದ ಬೆಳೆಗೆ ಕಡವೆ ಬರದ ಹಾಗೆ ಕ್ಷೌರದಂಗಡಿಯ ಕೂದಲು ಕಟ್ಟಿದರೆ ಆಗುತ್ತದಾ?

ಕೆಲವು ದಿನ ಆಗುತ್ತದೆ. ಹಂದಿಗೂ ಇದನ್ನು ಮಾಡುವವರಿದ್ದಾರೆ. ಮಳೆ ಬಿದ್ದರೆ ವಾಸನೆ ಇಳಿಯುತ್ತದೆ. ಮಳೆ ಬೀಳದಿದ್ದರೂ, ವಾಸನೆ ಇದೆ, ಮನುಷ್ಯ ಇಲ್ಲ ಅಂತ ಅವು ಬೇಗ ಕಲಿಯುತ್ತವೆ. ಜಾಗ ಬದಲಿಸುತ್ತಾ, ನಡುನಡುವೆ ನೀವೇ ಓಡಾಡುತ್ತಾ ಇದ್ದರೆ ಇನ್ನಷ್ಟು ದಿನ ಎಳೆಯಬಹುದು.

ಕ್ಯಾಮೆರಾವನ್ನು ಮರಕ್ಕೆ ಕಟ್ಟಿ ಬಂದರೆ ನಮ್ಮ ವಾಸನೆಯ ತಾಪತ್ರಯವೇ ಇಲ್ಲವಲ್ಲ?

ಕಟ್ಟಿದ ಕೈಯ ವಾಸನೆ ಬೆಲ್ಟಿನಲ್ಲಿ ಇರುತ್ತದೆ, ಒಂದೆರಡು ದಿನ ಬಿಟ್ಟು ಸರಿಹೋಗುತ್ತದೆ. ದಿನಾ ಹೋಗಿ ಕಾರ್ಡ್ ತೆಗೆದು ನೋಡುವ ಚಟವೇ ಸಮಸ್ಯೆ. ನಿಮ್ಮ ಸ್ವಂತ ಜಾಗದಲ್ಲಿ ಮಾತ್ರ ಕಟ್ಟಿ. ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದೇ ತಪ್ಪು. ಆನೆಗೆ ಕ್ಯಾಮೆರಾ ಕಂಡರೆ ಕಿತ್ತು ನೋಡುವ ಕುತೂಹಲ ಉಂಟು, ಎತ್ತರಕ್ಕೆ ಕಟ್ಟಿ.

ಇಷ್ಟೆಲ್ಲ ಮಾಡಿ ವಾಸನೆ, ಸದ್ದು ಇಲ್ಲದೆ ಕೂತರೆ ಅಪಾಯ ಇಲ್ವಾ?

ಇದೆ. ಕೇಳಿದ್ದು ಒಳ್ಳೆಯದಾಯಿತು, ಹೆಚ್ಚಿನವರು ಕೇಳುವುದೇ ಇಲ್ಲ.

ಕೊಡಗಿನ ತೋಟಗಳಲ್ಲಿ ಆನೆ ಹಗಲೇ ನಿಂತಿರುತ್ತದೆ. ಅದರ ಮೂಗು ಜಿಂಕೆಗೂ ಮೇಲು. ಸಾಮಾನ್ಯವಾಗಿ ನಮ್ಮ ವಾಸನೆ ಸಿಕ್ಕಿದರೆ ಅದೇ ದೂರ ಸರಿಯುತ್ತದೆ. ಆ ವಾಸನೆಯೇ ನಮಗೆ ರಕ್ಷಣೆ. ನೀವು ಎದುರುಗಾಳಿಯಲ್ಲಿ, ಸದ್ದಿಲ್ಲದೆ, ಕಾಫಿ ಗಿಡದ ಸಾಲಿನಲ್ಲಿ ನುಸುಳಿ ಹೋದಾಗ ಹತ್ತು ಮಾರು ಹತ್ತಿರ ಹೋಗುವವರೆಗೆ ಅದಕ್ಕೂ ನಿಮ್ಮ ಸುಳಿವಿಲ್ಲ, ನಿಮಗೂ ಅದರ ಸುಳಿವಿಲ್ಲ. ಆಮೇಲೆ ಆಗುವುದನ್ನು ಈ ಕಡೆಯವರಿಗೆ ವಿವರಿಸಬೇಕಿಲ್ಲ.

ಆದ್ದರಿಂದ ಹೊರ ದಾರಿಯಲ್ಲಿ ಹೋಗುವಾಗ ನಾನು ಸದ್ದು ಮಾಡಿಕೊಂಡೇ ಹೋಗುತ್ತೇನೆ. ಬೆಳಿಗ್ಗೆ ಕಾವಲುಗಾರರನ್ನು, ಹಾಲು ಹಾಕಲು ಹೋದವರನ್ನು ಕೇಳುತ್ತೇನೆ: ರಾತ್ರಿ ಎಲ್ಲಿ ಇತ್ತು, ಈಗ ಎಲ್ಲಿದೆ? ಹಸಿ ಲದ್ದಿ ಕಂಡರೆ ಅವತ್ತಿಗೆ ಅಷ್ಟೇ. ಪೂರ್ತಿ ಬೆಳಕಾಗದೆ ಹೊರಡುವುದಿಲ್ಲ, ಕತ್ತಲಾಗುವ ಮೊದಲು ಎದ್ದು ಬರುತ್ತೇನೆ. ಕಡವೆ ಇಳಿಯುವುದು ಕತ್ತಲಾದ ಮೇಲೆ, ಗೊತ್ತು. ಅದಕ್ಕೇ ಇಷ್ಟು ವರ್ಷವಾದರೂ ನನ್ನ ಹತ್ತಿರ ಕಡವೆಯ ಒಳ್ಳೆ ಫೋಟೊ ಒಂದೂ ಇಲ್ಲ.